ಯಾರಿಗೆ ಕಳಿಸಬೇಕು

ಕಾಮ್ನಿಕ್ ಊರಿನ ಅಂಚೆಕಚೇರಿಯಲ್ಲಿ
ಹದಿನೇಳು ವರ್ಷದಿಂದ ಕಾಗದ ವಿಂಗಡಿಸುವವಳು ನಾನು.
ಆ ಒಂದೇ ಅರ್ಹತೆಯ ಮೇಲೆ
ಜೇನುಸಾಕಣೆ ಸಂಘದ ಕಾರ್ಯದರ್ಶಿ ಲೊಯ್ಝೆ
ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ ತಂದು
ನನ್ನ ಅಡುಗೆಮನೆಯ ಮೇಜಿನ ಮೇಲಿಟ್ಟ:
"ನೇಝಾ, ನಮ್ಮ ಫಾರ್ಮಿಗೆ ಬಾಯಿ ಬಿದ್ದುಹೋಗಿದೆ. ನೋಡು ಸ್ವಲ್ಪ."

ಫಾರ್ಮಿನಲ್ಲಿರುವುದು ನಾಲ್ಕೇ ಖಾನೆ.
ಹೆಸರು. ಫೋನು. ಜೇನು ಎಲ್ಲಿ ಕೂತಿದೆ.
ಇನ್ನೇನಾದರೂ ಹೇಳುವುದಿದೆಯೆ.
ಕೆಳಗೆ ಹಳದಿ ಗುಂಡಿ: ಕಳಿಸಿ.
ಗೂಡು ಬಿಟ್ಟೆದ್ದ ಹಿಂಡು ಕೊಂಬೆಗೋ ಕಿಟಕಿಗೋ ಜೋತುಬಿದ್ದು
ಒಂದು ದಿನ ಕಾಯುತ್ತದೆ, ಹೆಚ್ಚೆಂದರೆ ಎರಡು.
ಅಷ್ಟರೊಳಗೆ ಲೊಯ್ಝೆ ಪೆಟ್ಟಿಗೆ ಹಿಡಿದು ಓಡಬೇಕು.
ನಾಲ್ಕು ವರ್ಷ ಪೆಟ್ಟಿಗೆ ಅಟ್ಟದಲ್ಲೇ ಕೂತಿತು.
ಜನಕ್ಕೆ ಜೇನು ಬೇಡವಾಯಿತು ಅಂದುಕೊಂಡ,
ಆಮೇಲೆ, ಜೇನಿಗೇ ಜನ ಬೇಡವಾದರು ಅಂದ.

ಸೆಟ್ಟಿಂಗ್ಸ್ ತೆರೆದೆ. ಇಮೇಲ್ ಸೂಚನೆ ಆನ್ ಆಗಿಯೇ ಇದೆ.
'ಯಾರಿಗೆ ಕಳಿಸಬೇಕು' ಎಂಬಲ್ಲಿ
ಗಾಶ್ಪರನ ಕಾಲೇಜಿನ ವಿಳಾಸ.
ಎರಡು ಬಾಟಲಿ ಜೇನುತುಪ್ಪಕ್ಕೆ ಫಾರ್ಮು ಕಟ್ಟಿಕೊಟ್ಟ ಹುಡುಗ;
ಪದವಿ ಮುಗಿದದ್ದೇ ಕಾಲೇಜು ಆ ವಿಳಾಸ ಅಳಿಸಿಹಾಕಿದೆ.
ಅಂಚೆಯವಳಿಗೆ ಇದು ಹೊಸದಲ್ಲ,
ಬಾಗಿಲೇ ಇಲ್ಲದ ಮನೆಗೆ ದಿನವೂ ಟಪಾಲು.
ಆದರೆ ನಮ್ಮಲ್ಲಿ, ಮರಳಿದ ಲಕೋಟೆಗೆ
ಒಂದು ಕಪಾಟಾದರೂ ಇದೆ.

ಇಲ್ಲಿಯೂ ಇತ್ತು. ಪಕ್ಕದ ಗುಂಡಿ ಒತ್ತಿದೆ.
ನಮೂದುಗಳು: ೧೮೬.

ಸೇಬಿನ ಮರದಲ್ಲಿ, ಬೇಗ ಬನ್ನಿ.
ಶಾಲೆಯ ಸೈಕಲ್ ಸ್ಟ್ಯಾಂಡಿನಲ್ಲಿ, ಮಕ್ಕಳನ್ನು ಒಳಗೆ ಕೂಡಿಹಾಕಿದ್ದೇವೆ.
ಚಿಮಣಿಯಲ್ಲಿ.
ಅದೇ ಚಿಮಣಿಯಲ್ಲಿ, ನಿನ್ನೆಯೂ ಬರೆದಿದ್ದೆ.
ಹೋದವು. ಇನ್ನು ಬರಬೇಡಿ.
ನಿಮಗೆ ಅಗ್ಗದ ಸಾಲ ಬೇಕೆ?

ಲೊಯ್ಝೆ ಕನ್ನಡಕ ಒರೆಸಿದ, ಹಾಕಿದ, ಮತ್ತೆ ತೆಗೆದು ಒರೆಸಿದ.

ನೂರ ಹನ್ನೊಂದನೆಯದು ಫೆಬ್ರುವರಿಯದು.
ಫೆಬ್ರುವರಿಯಲ್ಲಿ ಜೇನೇಳುವುದಿಲ್ಲ.
ಹೆಸರು: ಟೊಂಚ್ಕಾ. ಫೋನು: ಪಕ್ಕದ ಮನೆಯವರದು.
ಜೇನು ಎಲ್ಲಿ ಕೂತಿದೆ: ಗೂಡಿನಲ್ಲೇ.
ಇನ್ನೇನಾದರೂ ಹೇಳುವುದಿದೆಯೆ:
ನನ್ನ ಗಂಡ ಮಂಗಳವಾರ ತೀರಿಕೊಂಡರು.
ಯಜಮಾನ ಹೋದನೆಂದು ಜೇನಿಗೆ ತಿಳಿಸಬೇಕಲ್ಲ,
ಗೂಡು ತಟ್ಟಿ, ಒಂದೊಂದಕ್ಕೂ.
ಹಿಮ ಮೊಣಕಾಲುದ್ದ, ನನ್ನ ಸೊಂಟ ಸರಿಯಿಲ್ಲ.
ಯಾರಾದರೂ ಬಂದು ಹೇಳುತ್ತೀರಾ?

ಎರಡು ವರ್ಷ ಮೂರು ತಿಂಗಳು.

ಗಾಶ್ಪರನನ್ನು ಅಳಿಸಿದೆ.
ಲೊಯ್ಝೆಯ ವಿಳಾಸ ಬರೆದೆ, ಅಲ್ಪವಿರಾಮ ಹಾಕಿ ನನ್ನದೂ.
ಒಬ್ಬನನ್ನೇ ನಂಬಿ ಟಪಾಲು ಬಿಡಬಾರದು.
ವಿಷಯದ ಸಾಲಿನಲ್ಲಿ 'ಹೊಸ ಸಂದೇಶ' ಎಂದಿದ್ದುದನ್ನು
'ಜೇನು ಎದ್ದಿದೆ' ಎಂದು ತಿದ್ದಿದೆ.
ಪರೀಕ್ಷೆಗೆಂದು ನಾನೇ ಫಾರ್ಮು ತುಂಬಿದೆ:
ಎಲ್ಲಿ ಕೂತಿದೆ? ನನ್ನ ಅಡುಗೆಮನೆಯಲ್ಲಿ, ಆರಿದ ಕಾಫಿಯ ಮುಂದೆ.
ಲೊಯ್ಝೆಯ ಜೇಬು ಗುಂಯ್‌ಗುಟ್ಟಿತು.
ಅವನು ನಗಲಿಲ್ಲ. ಕಾರಿನ ಕೀಲಿ ಹುಡುಕುತ್ತಿದ್ದ.

ಟೊಂಚ್ಕಾ ಬಾಗಿಲು ತೆರೆದಾಗ ಕೈತುಂಬ ಹಿಟ್ಟು.
ಲೊಯ್ಝೆ ಟೋಪಿ ತೆಗೆದು ತೊದಲಿದ,
ವಿಳಾಸ ತಪ್ಪಿತ್ತು, ಆ ಹುಡುಗ, ಕಾಲೇಜು...
"ಮೂರು ದಿನ ಕಾದೆ," ಅಂದಳು.
"ಆಮೇಲೆ ಸಲಿಕೆ ಊರಿಕೊಂಡು ನಾನೇ ಹೋದೆ.
ಮನೆಯ ಕೀಲಿಯಿಂದ ಹನ್ನೆರಡು ಗೂಡೂ ತಟ್ಟಿದೆ.
ಅಲ್ಲಿಯವರೆಗೆ ಅಳುವುದಕ್ಕೆ ಪುರುಸೊತ್ತೇ ಆಗಿರಲಿಲ್ಲ."
"ಕೇಳಿಸಿಕೊಂಡವೆ?"
"ಹತ್ತು ಗೂಡು ಗುಂಯ್ ಅಂದವು.
ಎರಡು ಸುಮ್ಮನಿದ್ದವು, ನಿಮ್ಮ ಹಾಗೆ."
ಅಂದು, ಒಳಗೆ ಹೋಗಿ ಮೂರು ಲೋಟ ತಂದಳು.

ಬಿಸಿ ಚಹಾ ತುಟಿಗೆ ತಾಗುವ ಮೊದಲೇ
ಎರಡು ಜೇಬು ಒಟ್ಟಿಗೆ ನಡುಗಿದವು.
ಬಸ್ ನಿಲ್ದಾಣ, ವೇಳಾಪಟ್ಟಿಯ ಮೇಲೆ.
ಬಸ್ಸು ಎಷ್ಟಕ್ಕೆ ಅಂತ ಕಾಣಿಸುತ್ತಿಲ್ಲ, ದಯವಿಟ್ಟು ಬನ್ನಿ.
ಲೊಯ್ಝೆ ಎದ್ದ, ಕೂತ, ಅವಳ ಮುಖ ನೋಡಿದ.
"ಹೋಗಿ," ಅಂದಳು ಟೊಂಚ್ಕಾ.
ಎರಡು ಲೋಟಗಳ ಮೇಲೆ ತಟ್ಟೆ ಮುಚ್ಚಿಟ್ಟಳು.